ಆಸ್ಕರ್ ಊರಿನಲ್ಲಿ ಒಂದು ಶನಿವಾರ

2025ರ ಬೇಸಿಗೆ ರಜೆಯಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೆವು. ಈ ಸುದ್ದಿ ಸ್ಟಾಫ್ ರೂಮಿನಿಂದ ತರಗತಿಗೆ ಹೇಗೆ ಹೋಯಿತೋ ಗೊತ್ತಿಲ್ಲ. ಪರೀಕ್ಷೆ ಮುಗಿದ ದಿನ ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಸಾರ್, ತಿಪಟೂರಿಂದ ಲಾಸ್ ಏಂಜಲೀಸಿಗೆ ಎಷ್ಟು ದೂರ?' ಎಂದ. ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಎಂದೆ. 'ಅಷ್ಟು ದೂರ ಹೋಗ್ತೀರಲ್ಲ, ಆಸ್ಕರ್ ಕೊಡೋ ಜಾಗ ನೋಡ್ಕೊಂಡು ಬನ್ನಿ ಸಾರ್. ಬಂದ ಮೇಲೆ ನಾವು ಯಾವ್ಯಾವ ಪಿಕ್ಚರ್ ನೋಡಬೇಕು ಅಂತ ಹೇಳಿ' ಎಂದ. ಇಡೀ ತರಗತಿ ನಕ್ಕಿತು.

ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಮಾತು ಬಿಡದೆ ಹಿಂಬಾಲಿಸಿತು. ಮೂವತ್ತು ವರ್ಷಗಳ ಮೇಷ್ಟರ ಕೆಲಸದಲ್ಲಿ ಮಕ್ಕಳಿಗೆ 'ಸಿನಿಮಾ ನೋಡಬೇಡಿ' ಎಂದು ಹೇಳಿದ್ದಕ್ಕೆ ಲೆಕ್ಕವಿಲ್ಲ. 'ಇಂಥದ್ದನ್ನು ನೋಡಿ' ಎಂದು ಹೇಳಿದ್ದು ಒಂದು ಸಲವೂ ನೆನಪಿಲ್ಲ. ತಮಾಷೆಯೆಂದರೆ ನಾನು ಸ್ವತಃ ಸಿನಿಮಾ ಹುಚ್ಚಿನವನು. ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು 'ಬಬ್ರುವಾಹನ' ನೋಡಿದ್ದೆ. ಒಂದೇ ಪರದೆಯ ಮೇಲೆ ಇಬ್ಬರು ರಾಜಕುಮಾರರು ಎದುರುಬದುರಾಗಿ ನಿಂತು ಮಾತಾಡುವುದು ಹೇಗೆ ಎಂಬ ಪ್ರಶ್ನೆ ವಾರಗಟ್ಟಲೆ ನಿದ್ದೆಗೆಡಿಸಿತ್ತು. ನಾನು ಮುಂದೆ ವಿಜ್ಞಾನ ಓದಿದ್ದಕ್ಕೆ ಆ ಪ್ರಶ್ನೆಯೂ ಒಂದು ಕಾರಣವಿರಬಹುದು. ಇಷ್ಟಿದ್ದೂ ಮೇಷ್ಟರಾದ ಮೇಲೆ ಅದನ್ನೆಲ್ಲ ಮರೆತೆ. ಮೇಷ್ಟರಾಗಿ ಮರೆತದ್ದಕ್ಕಿಂತ ತಂದೆಯಾಗಿ ಮರೆತದ್ದು ಹೆಚ್ಚು. ಅದನ್ನು ಮುಂದೆ ಹೇಳುತ್ತೇನೆ.

ಗುಡ್ಡದ ಮೇಲಿನ ಅಕ್ಷರಗಳು

ಮಗಳು ಇರುವುದು ಇರ್ವೈನ್ ಎಂಬ ಊರಿನಲ್ಲಿ. ಕಂಪ್ಯೂಟರ್ ಸಂಸ್ಥೆಯೊಂದರಲ್ಲಿ ಕೆಲಸ. ಅಲ್ಲಿಂದ ಹಾಲಿವುಡ್‌ಗೆ ಸುಮಾರು ಎಪ್ಪತ್ತು ಕಿಲೋಮೀಟರ್. ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಶ್ರೀಮತಿ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದಳು. ಹೊರಗಡೆ ತಿಂದರೆ ಡಾಲರಿನ ಲೆಕ್ಕ ರೂಪಾಯಿಗೆ ತಿರುಗಿಸಿ ಅವಳಿಗೆ ಊಟ ಸೇರುವುದಿಲ್ಲ. ಕಾರಿನಲ್ಲಿ ಹೊರಟೆವು. ರಸ್ತೆಯೇನೋ ಒಂದೊಂದು ಕಡೆಗೆ ಐದಾರು ಸಾಲಿನದು, ಆದರೆ ಕಾರುಗಳು ನಮ್ಮ ಯಶವಂತಪುರದ ಸಂಜೆಯಂತೆ ತೆವಳುತ್ತಿದ್ದವು. ಅಭಿವೃದ್ಧಿ ಹೊಂದಿದ ದೇಶದಲ್ಲೂ ಟ್ರಾಫಿಕ್ ಜಾಮ್ ಇದೆ ಎಂದು ಕಂಡು ಸಣ್ಣ ಸಮಾಧಾನವಾಯಿತು.

ಗುಡ್ಡದ ಮೇಲೆ ಬಿಳಿ ಅಕ್ಷರಗಳಲ್ಲಿ 'ಹಾಲಿವುಡ್' ಎಂದು ಬರೆದಿರುವ ಫಲಕವನ್ನು ಚಿತ್ರಗಳಲ್ಲಿ ನೋಡದವರಿಲ್ಲ. ಅದು ಸಿನಿಮಾದವರು ಹಾಕಿದ ಫಲಕವಲ್ಲ. 1923ರಲ್ಲಿ ಆ ಗುಡ್ಡದ ಕೆಳಗಿನ ಬಡಾವಣೆಯಲ್ಲಿ ಸೈಟು ಮಾರುವವರು ಹಾಕಿದ ಜಾಹೀರಾತು. ಆಗ ಅದರಲ್ಲಿದ್ದದ್ದು 'ಹಾಲಿವುಡ್‌ಲ್ಯಾಂಡ್' ಎಂಬ ಹೆಸರು. 1949ರಲ್ಲಿ ಫಲಕ ರಿಪೇರಿ ಮಾಡುವಾಗ ಕೊನೆಯ 'ಲ್ಯಾಂಡ್' ತೆಗೆದುಹಾಕಿದರು. ಜಗತ್ತಿನ ಸಿನಿಮಾ ಕನಸಿಗೆಲ್ಲ ಗುರುತಾಗಿರುವುದು ಸೈಟಿನ ಜಾಹೀರಾತು ಎಂದು ಹೇಳಿದಾಗ ಶ್ರೀಮತಿ, 'ನಮ್ಮ ತುಮಕೂರು ರೋಡಿನಲ್ಲೂ ಅಂಥವು ಬೇಕಾದಷ್ಟಿವೆಯಲ್ಲ ರೀ, ಯಾವುದಾದರೂ ಒಂದು ಮುಂದೆ ಹೀಗೇ ಹೆಸರಾಗಬಹುದು' ಎಂದಳು.

ಹದಿನೈದು ನಿಮಿಷದ ಸಮಾರಂಭ

ಹಾಲಿವುಡ್ ಬೂಲೆವಾರ್ಡ್ ಎಂಬ ಬೀದಿಯನ್ನು ಕಂಡು ಮೊದಲು ನಿರಾಶೆಯೇ ಆಯಿತು. ಕಾಲುದಾರಿಯ ಮೇಲೆ ಕಲ್ಲಿನಲ್ಲಿ ಕೂಡಿಸಿದ ನಕ್ಷತ್ರಗಳು, ಅವುಗಳಲ್ಲಿ ತಾರೆಯರ ಹೆಸರುಗಳು. ಅವುಗಳ ಮೇಲೆ ಐಸ್‌ಕ್ರೀಂ ತೊಟ್ಟಿಕ್ಕಿಸುತ್ತ ಜನ ನಡೆಯುತ್ತಾರೆ. ಸ್ಪೈಡರ್‌ಮ್ಯಾನ್ ವೇಷದವನೊಬ್ಬ ಶ್ರೀಮತಿಯ ಪಕ್ಕ ಬಂದು ನಿಂತ. ಫೋಟೋ ತೆಗೆದರೆ ಹಣ ಕೇಳುತ್ತಾನೆ ಎಂದು ಮಗಳು ಪಿಸುಗುಟ್ಟಿದ್ದೇ ತಡ, ಅವಳು ಅಲ್ಲಿಂದ ಮಾಯ.

ಆಸ್ಕರ್ ಸಮಾರಂಭ ನಡೆಯುವ ಡಾಲ್ಬಿ ಥಿಯೇಟರ್ ಒಂದು ಮಾಲ್‌ನೊಳಗಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. 2001ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಸುಮಾರು 3,400 ಜನ ಕೂರಬಹುದು. ಟಿ.ವಿ.ಯಲ್ಲಿ ಕಾಣುವ ಕೆಂಪು ರತ್ನಗಂಬಳಿ ಆ ದಿನಗಳಿಗಷ್ಟೇ. ಉಳಿದ ದಿನ ಅದೇ ಮೆಟ್ಟಿಲ ಬಳಿ ಅಂಗಡಿಗಳು, ಕಾಫಿ ಕುಡಿಯುವವರು. ಮೆಟ್ಟಿಲ ಇಕ್ಕೆಲದ ಕಂಬಗಳ ಮೇಲೆ ವರ್ಷವಾರು ಶ್ರೇಷ್ಠ ಚಿತ್ರಗಳ ಹೆಸರು ಬರೆದಿದ್ದಾರೆ. ಮುಂದೆ ಗೆಲ್ಲುವ ಚಿತ್ರಗಳಿಗೆಂದು ಖಾಲಿ ಜಾಗ ಬಿಟ್ಟಿದ್ದಾರೆ. ನಮ್ಮ ಶಾಲೆಯ ಹೆಡ್‌ಮಾಸ್ಟರ್ ಕೋಣೆಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರ ಹೆಸರು ಬರೆಯುವ ಫಲಕ ನೆನಪಾಯಿತು.

ಎದುರು ಬದಿಯಲ್ಲಿ ರೂಸ್‌ವೆಲ್ಟ್ ಹೋಟೆಲ್. 1929ರ ಮೇ 16ರಂದು ಮೊಟ್ಟಮೊದಲ ಆಸ್ಕರ್ ಪ್ರಶಸ್ತಿಗಳನ್ನು ಕೊಟ್ಟದ್ದು ಅಲ್ಲಿ. ಊಟಕ್ಕೆ ಸೇರಿದ್ದವರು ಸುಮಾರು 270 ಜನ. ಯಾರಿಗೆ ಪ್ರಶಸ್ತಿ ಎಂಬುದು ಮೂರು ತಿಂಗಳ ಮೊದಲೇ ಗೊತ್ತಾಗಿದ್ದರಿಂದ ಎದೆ ಡವಗುಟ್ಟುವ ಪ್ರಶ್ನೆಯಿಲ್ಲ. ಪ್ರಶಸ್ತಿ ಹಂಚುವ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತಂತೆ. ಈಗ ಅದು ಮೂರೂವರೆ ಗಂಟೆಗೆ ಬೆಳೆದಿದೆ. ಶಾಲಾ ವಾರ್ಷಿಕೋತ್ಸವ ನಡೆಸಿ ಅನುಭವವಿರುವ ನನಗೆ ಇದು ಹೇಗೆ ಆಯಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಹಾಲ್ ಟಿಕೆಟ್ಟೂ ರ‍್ಯಾಂಕೂ

ಕಂಬದ ಕೆಳಗೆ ನಿಂತು ಮಗಳು ಈ ಪರೀಕ್ಷೆಯ ವಿಧಾನ ವಿವರಿಸಿದಳು. ಪ್ರತಿವರ್ಷ ಜನವರಿ ಬಂದರೆ 'ನಮ್ಮ ಚಿತ್ರ ಆಸ್ಕರ್‌ಗೆ ಅರ್ಹತೆ ಪಡೆಯಿತು' ಎಂಬ ಸುದ್ದಿ ಬರುತ್ತದಲ್ಲ, ಅದನ್ನು ಓದುವಾಗ ಇದು ತಿಳಿದಿರುವುದು ಒಳ್ಳೆಯದು.

ಸಾಮಾನ್ಯ ವಿಭಾಗಕ್ಕೆ ಚಿತ್ರವೊಂದು ಅರ್ಹವಾಗಬೇಕಾದರೆ ಮುಖ್ಯವಾಗಿ ಅಮೆರಿಕದ ಆರು ನಗರ ಪ್ರದೇಶಗಳಲ್ಲಿ ಒಂದರ ಚಿತ್ರಮಂದಿರದಲ್ಲಿ ಏಳು ದಿನ ಓಡಿರಬೇಕು, ಅರ್ಜಿ ತುಂಬಿ ಸಲ್ಲಿಸಿರಬೇಕು. 2023ರ ಜನವರಿಯಲ್ಲಿ 'ಕಾಂತಾರ', 'ವಿಕ್ರಾಂತ್ ರೋಣ' ಈ ಪಟ್ಟಿಯಲ್ಲಿ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗುವುದು ತಪ್ಪಲ್ಲ. ಆದರೆ ಆ ಪಟ್ಟಿಯಲ್ಲಿ ಒಟ್ಟು 301 ಚಿತ್ರಗಳಿದ್ದವು. ಅದು ಹಾಲ್ ಟಿಕೆಟ್ಟು, ರ‍್ಯಾಂಕ್ ಅಲ್ಲ. ಹೊರದೇಶಗಳ ಚಿತ್ರಗಳಿಗೆ ಬೇರೆಯೇ ವಿಭಾಗ. ಅದಕ್ಕೆ ಒಂದೊಂದು ದೇಶ ಒಂದೊಂದೇ ಚಿತ್ರ ಕಳಿಸಬಹುದು. 2024ರಲ್ಲಿ ನಮ್ಮಿಂದ ಹೋದದ್ದು 'ಲಾಪತಾ ಲೇಡೀಸ್'. ಮೊದಲ ಹದಿನೈದರೊಳಗೆ ಅದು ಬರಲಿಲ್ಲ. ಹಾಗೆಂದು ಆ ಚಿತ್ರ ಕಡಿಮೆಯಾಯಿತೇ? ರೈಲಿನಲ್ಲಿ ಮುಸುಕಿನೊಳಗೆ ಮದುಮಗಳು ಬದಲಾಗುವ ಆ ಕಥೆಯನ್ನು ನಮ್ಮ ಮನೆಯಲ್ಲಿ ಎರಡು ಸಲ ನೋಡಿದ್ದೇವೆ.

ಮತ ಹಾಕುವವರು ಅಕಾಡೆಮಿಯ ಸದಸ್ಯರಾದ ಸುಮಾರು ಹತ್ತು ಸಾವಿರ ಮಂದಿ: ನಟರು, ನಿರ್ದೇಶಕರು, ಸಂಕಲನಕಾರರು, ಧ್ವನಿ ತಂತ್ರಜ್ಞರು ಹೀಗೆ. ಶ್ರೇಷ್ಠ ಚಿತ್ರಕ್ಕೆ ಮಾತ್ರ ಲೆಕ್ಕ ಬೇರೆ. ಹತ್ತು ಚಿತ್ರಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಮೊದಲ ಸ್ಥಾನದ ಮತ ಅತಿ ಕಡಿಮೆ ಬಂದ ಚಿತ್ರವನ್ನು ತೆಗೆದುಹಾಕಿ, ಆ ಮತಗಳನ್ನು ಅವರವರ ಎರಡನೆಯ ಆಯ್ಕೆಗೆ ಹಂಚುತ್ತಾರೆ. ಯಾವುದಾದರೂ ಒಂದಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬರುವವರೆಗೆ ಹೀಗೇ ನಡೆಯುತ್ತದೆ. ಹಾಗಾಗಿ ಕೆಲವರು ತಲೆಯ ಮೇಲೆ ಹೊತ್ತು ಮೆರೆಸುವ ಚಿತ್ರಕ್ಕಿಂತ, ಬಹಳ ಮಂದಿಗೆ ಪರವಾಗಿಲ್ಲ ಎನಿಸುವ ಚಿತ್ರ ಗೆಲ್ಲುವುದುಂಟು.

ಇನ್ನೂ ಒಂದು ವಿಷಯ ಕೇಳಿ ನಾನು ಗಟ್ಟಿಯಾಗಿ ನಕ್ಕೆ. ಅಂತಿಮ ಸುತ್ತಿನಲ್ಲಿ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕು ಎಂಬ ನಿಯಮ ಬಂದದ್ದು 2025ರ ಏಪ್ರಿಲ್‌ನಲ್ಲಿ! ಅಲ್ಲಿಯವರೆಗೆ ಹೆಚ್ಚಿನ ವಿಭಾಗಗಳಲ್ಲಿ ಅಂಥ ಕಟ್ಟುಪಾಡು ಇರಲಿಲ್ಲವಂತೆ. ಉತ್ತರ ಪತ್ರಿಕೆ ಓದದೆ ಅಂಕ ಕೊಡುವ ಮೌಲ್ಯಮಾಪಕರ ಬಗ್ಗೆ ನಾವು ಕೇಳಿದ್ದೇವೆ. ಅವರು ಎಲ್ಲ ಕಡೆ ಇದ್ದಾರೆ ಎಂದಾಯಿತು.

ಪ್ರಶಸ್ತಿಯೂ ಒಂದು ಬಗೆಯ ಅಂಕವೇ. ಅಂಕ ಸುಳ್ಳಲ್ಲ, ಆದರೆ ಅದೇ ಪೂರ್ತಿಯಲ್ಲ. ಇದನ್ನು ಮಗಳ ಮುಂದೆ ದೊಡ್ಡದಾಗಿ ಹೇಳಿದೆ. ಅವಳು ಏನೂ ಹೇಳದೆ ಕಾರಿನ ಕೀಲಿ ತೆಗೆದಳು.

ತಿರುಗುವ ಡಬ್ಬಿ

ಅಲ್ಲಿಂದ ಅರ್ಧ ಗಂಟೆಯ ಹಾದಿಯಲ್ಲಿ ಅಕಾಡೆಮಿಯ ಚಲನಚಿತ್ರ ಸಂಗ್ರಹಾಲಯವಿದೆ. 2021ರ ಸೆಪ್ಟೆಂಬರ್‌ನಲ್ಲಿ ತೆರೆದದ್ದು. ದೊಡ್ಡವರಿಗೆ 25 ಡಾಲರ್, 17 ವರ್ಷದವರೆಗಿನ ಮಕ್ಕಳಿಗೆ ಉಚಿತ. ಪಕ್ಕದಲ್ಲೇ ಹಿಮಯುಗದ ಪ್ರಾಣಿಗಳ ಪಳೆಯುಳಿಕೆ ಸಿಕ್ಕಿರುವ ಲಾ ಬ್ರಿಯಾ ಡಾಂಬರು ಹೊಂಡಗಳಿವೆ. ವಿಜ್ಞಾನದ ಮೇಷ್ಟರು ಮೊದಲು ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ.

ಒಳಗೆ ಎಸ್ಕಲೇಟರ್ ಏರುವಾಗ ತಲೆಯ ಮೇಲೆ 25 ಅಡಿ ಉದ್ದದ ಶಾರ್ಕ್ ಮೀನು ಬಾಯ್ತೆರೆದು ತೂಗುತ್ತಿರುತ್ತದೆ. 1975ರ 'ಜಾಸ್' ಚಿತ್ರಕ್ಕೆ ಬಳಸಿದ ಅಚ್ಚಿನಿಂದ ತೆಗೆದದ್ದು. ಆಸ್ಕರ್ ಪ್ರತಿಮೆಗಳನ್ನು ಗಾಜಿನ ಗೂಡುಗಳಲ್ಲಿ ಇಟ್ಟಿದ್ದಾರೆ. ಎತ್ತರ 34 ಸೆಂ.ಮೀ., ತೂಕ ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ. ಒಳಗೆ ಕಂಚು, ಮೇಲೆ ಚಿನ್ನದ ಲೇಪ. ಎರಡನೆಯ ಮಹಾಯುದ್ಧದಲ್ಲಿ ಲೋಹದ ಅಭಾವವಾಗಿ ಮೂರು ವರ್ಷ ಬಣ್ಣ ಬಳಿದ ಪ್ಲಾಸ್ಟರ್ ಗೊಂಬೆ ಕೊಟ್ಟಿದ್ದರಂತೆ, ಯುದ್ಧ ಮುಗಿದ ಮೇಲೆ ಬದಲಿಸಿಕೊಟ್ಟರಂತೆ.

ಅಲ್ಲಿ ಮನಸ್ಸು ಕಲಕಿದ್ದು ಹ್ಯಾಟಿ ಮೆಕ್‌ಡೇನಿಯಲ್ ಅವರ ಕಥೆ. 'ಗಾನ್ ವಿತ್ ದ ವಿಂಡ್' ಚಿತ್ರದ ಪೋಷಕ ಪಾತ್ರಕ್ಕೆ 1940ರಲ್ಲಿ ಪ್ರಶಸ್ತಿ ಪಡೆದ ಆಕೆ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಸಮಾರಂಭ ನಡೆದ ಹೋಟೆಲಿನಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ವಿಶೇಷ ಅನುಮತಿ ಪಡೆದು ಒಳಗೆ ಬಂದ ಆಕೆಯನ್ನು ಸಹ ನಟರ ಜೊತೆ ಕೂರಿಸದೆ ಗೋಡೆಯ ಪಕ್ಕದ ಬೇರೆ ಮೇಜಿನಲ್ಲಿ ಕೂರಿಸಿದ್ದರು. ಆಕೆ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಶಸ್ತಿ ಫಲಕ ಮುಂದೆ ಕಾಣೆಯಾಯಿತು. ಸಂಗ್ರಹಾಲಯ ತೆರೆದಾಗ ಆಕೆಗೆಂದು ಒಂದು ಗಾಜಿನ ಗೂಡನ್ನು ಖಾಲಿಯಾಗಿಯೇ ಇಟ್ಟಿದ್ದರು. 2023ರಲ್ಲಿ ಅಕಾಡೆಮಿ ವಿಶ್ವವಿದ್ಯಾಲಯಕ್ಕೆ ಬದಲಿ ಫಲಕ ಕೊಟ್ಟಿತು. ಪಂಕ್ತಿಭೇದ ಕಂಡ ನಾಡಿನಿಂದ ಹೋದ ನಮಗೆ ಈ ಕಥೆ ಅರ್ಥವಾಗಲು ಇಂಗ್ಲಿಷೇ ಬೇಕಾಗಿರಲಿಲ್ಲ.

ಮುಂದಿನ ಕೋಣೆಯಲ್ಲಿ ಸಿನಿಮಾ ಹುಟ್ಟುವ ಮೊದಲಿನ ಆಟಿಕೆಗಳು. ಅವುಗಳಲ್ಲಿ ಒಂದು ಜೋಯಿಟ್ರೋಪ್. ಇಂಗ್ಲೆಂಡಿನ ವಿಲಿಯಂ ಹಾರ್ನರ್ 1834ರಲ್ಲಿ ವಿವರಿಸಿದ್ದು. ಮೇಲೆ ತೆರೆದ ದುಂಡು ಡಬ್ಬಿ, ಸುತ್ತ ಉದ್ದುದ್ದ ಸೀಳುಗಳು, ಒಳಗೋಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗುವ ಚಿತ್ರಗಳು. ಡಬ್ಬಿ ತಿರುಗಿಸಿ ಸೀಳಿನಿಂದ ನೋಡಿದರೆ ಕುದುರೆ ಓಡುತ್ತದೆ. ಇದಕ್ಕೆ ಕಾರಣ 'ದೃಷ್ಟಿ ಸಾತತ್ಯ', ಅಂದರೆ ಕಣ್ಣಿನ ಪರದೆಯ ಮೇಲೆ ಬಿಂಬ ಒಂದು ಸೆಕೆಂಡಿನ ಹದಿನಾರನೇ ಒಂದು ಭಾಗದಷ್ಟು ಹೊತ್ತು ಉಳಿಯುತ್ತದೆ ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅದು ಅರ್ಧ ಸತ್ಯ ಎಂದು ಮಗಳು ತಿದ್ದಿದಳು. ಬಿಂಬ ಉಳಿಯುವುದಷ್ಟೇ ಆಗಿದ್ದರೆ ಚಿತ್ರದ ಮೇಲೆ ಚಿತ್ರ ಬಿದ್ದು ಕಲಸಿಹೋಗಬೇಕಿತ್ತು. ನಡುವಿನ ಚಲನೆಯನ್ನು ಕಲ್ಪಿಸಿಕೊಳ್ಳುವುದು ಮಿದುಳು. ಜರ್ಮನಿಯ ಮ್ಯಾಕ್ಸ್ ವರ್ತೈಮರ್ 1912ರಲ್ಲೇ ಇದನ್ನು ಪ್ರಯೋಗ ಮಾಡಿ ಬರೆದಿದ್ದಾರೆ. ವಿಜ್ಞಾನದ ಮೇಷ್ಟರಿಗೆ ಮಗಳಿಂದ ಪಾಠ!

'ಇದೆಲ್ಲ ನಿನಗೆ ಹೇಗೆ ಗೊತ್ತಮ್ಮ?' ಎಂದೆ.

ಅವಳು ಡಬ್ಬಿಯಿಂದ ಕಣ್ಣು ತೆಗೆಯದೆ, 'ನನ್ನ ನಾಯಿ ನೆನಪಿದೆಯಾ ಅಪ್ಪಾ?' ಎಂದಳು.

ನಾವು ಯಾವತ್ತೂ ನಾಯಿ ಸಾಕಿದವರಲ್ಲ. ಶ್ರೀಮತಿ ನನ್ನ ಮುಖ ನೋಡಿದಳು. ಆಮೇಲೆ ನೆನಪಾಯಿತು. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೂಲೆಯಲ್ಲೂ ಒಂದೊಂದು ನಾಯಿ ಬರೆದಿದ್ದಳು. ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ನಾಯಿ ಓಡುತ್ತಿತ್ತು. ಆಗ ಅವಳಿಗೆ ಮೇಷ್ಟರೂ ನಾನೇ, ಅಪ್ಪನೂ ನಾನೇ. ನೋಟ್‌ಬುಕ್ ಕಿತ್ತುಕೊಂಡು, ತರಗತಿಯ ಎದುರಿಗೇ ಬೈದು, ಹೊಸ ಪುಸ್ತಕದಲ್ಲಿ ಮೊದಲಿಂದ ಬರೆಸಿದ್ದೆ. ಪಿಯುಸಿ ಮುಗಿದ ಮೇಲೆ ಅನಿಮೇಶನ್ ಓದುತ್ತೇನೆ ಎಂದಳು. ಅವಳಿಗೆ ಬಂದಿದ್ದ ಅಂಕಗಳ ಪಟ್ಟಿ ಮುಂದಿಟ್ಟು, 'ಇಷ್ಟು ಅಂಕ ತೆಗೆದವಳು ಗೊಂಬೆ ಬರೆಯುತ್ತಾ ಕೂರುತ್ತೀಯಾ?' ಎಂದಿದ್ದೆ. ಅವಳು ಮರುಮಾತಾಡದೆ ಎಂಜಿನಿಯರಿಂಗ್ ಸೇರಿದಳು.

'ಅದಕ್ಕೆ ನಲವತ್ತಾರು ಹಾಳೆ ಬೇಕಾಗಿತ್ತು. ಕೊನೇಲಿ ಗೋಡೆ ಹಾರಬೇಕಿತ್ತು. ನೀವು ಕಿತ್ಕೊಂಡಾಗ ಅದಿನ್ನೂ ಗೋಡೆ ಹತ್ರ ಬಂದಿತ್ತು ಅಷ್ಟೇ' ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬೆಕ್ಕು, ಪ್ರವಾಹ, ನಾಯಿ

ಆ ರಾತ್ರಿ ಊಟವಾದ ಮೇಲೆ ಅವಳೇ ಒಂದು ಚಿತ್ರ ಹಾಕಿದಳು. 'ಫ್ಲೋ'. ಲಾಟ್ವಿಯಾ ದೇಶದ್ದು. 2025ರ ಮಾರ್ಚ್ 2ರಂದು ನಡೆದ 97ನೇ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ಅನಿಮೇಶನ್ ಚಿತ್ರವೆಂದು ಗೆದ್ದದ್ದು. ಲಾಟ್ವಿಯಾದ ಒಟ್ಟು ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೂ ಕಡಿಮೆ. 2011ರ ಜನಗಣತಿಯಲ್ಲಿ ನಮ್ಮ ತುಮಕೂರು ಜಿಲ್ಲೆಯದೇ 26 ಲಕ್ಷ ದಾಟಿತ್ತು. ಆ ಪುಟ್ಟ ದೇಶಕ್ಕೆ ಇದು ಮೊದಲ ಆಸ್ಕರ್.

ಒಂದು ಬೆಕ್ಕು. ಕಾಡು. ಇದ್ದಕ್ಕಿದ್ದಂತೆ ನೀರು ಏರುತ್ತದೆ, ಏರುತ್ತಲೇ ಹೋಗುತ್ತದೆ. ಮನುಷ್ಯರು ಎಲ್ಲಿ ಹೋದರೋ ತಿಳಿಯದು. ತೇಲಿ ಬಂದ ದೋಣಿಯೊಂದಕ್ಕೆ ಬೆಕ್ಕು ಹತ್ತುತ್ತದೆ. ಅದರಲ್ಲಿ ಹಂದಿಯಷ್ಟು ದೊಡ್ಡ ಇಲಿಯಂತಿರುವ ಕ್ಯಾಪಿಬಾರ ಎಂಬ ಪ್ರಾಣಿಯೊಂದು ಮಲಗಿದೆ. ಮುಂದೆ ಒಂದು ಲೀಮರ್, ಒಂದು ನಾಯಿ, ಒಂದು ಉದ್ದ ಕಾಲಿನ ಹಕ್ಕಿ ಸೇರಿಕೊಳ್ಳುತ್ತವೆ. 85 ನಿಮಿಷದ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಪ್ರಾಣಿಗಳು ಪ್ರಾಣಿಗಳ ಹಾಗೆಯೇ ಕೂಗುತ್ತವೆ, ಮನುಷ್ಯರಂತೆ ಹಾಡಿ ಕುಣಿಯುವುದಿಲ್ಲ. ಕ್ಯಾಪಿಬಾರದ ನಿಜವಾದ ದನಿ ಹೊಂದಲಿಲ್ಲವೆಂದು ಒಂಟೆಮರಿಯ ದನಿ ಕೊಟ್ಟರಂತೆ. ಇಂಗ್ಲಿಷ್ ಬಾರದ ನನ್ನ ಶ್ರೀಮತಿಗೆ ಮಗಳಷ್ಟೇ ಅರ್ಥವಾಯಿತು. ನೀರು ಏರಿ ಬೆಕ್ಕಿಗೆ ನಿಲ್ಲಲು ಒಂದು ಅಂಗೈಯಷ್ಟೇ ಜಾಗ ಉಳಿದಾಗ 'ಅಯ್ಯೋ, ಪಾಪದ್ದು' ಎಂದು ನನ್ನ ಕೈ ಹಿಡಿದಳು.

ಇದನ್ನು ಮಾಡಿದ ಗಿಂಟ್ಸ್ ಜಿಲ್ಬಲೋಡಿಸ್ ಹುಟ್ಟಿದ್ದು 1994ರಲ್ಲಿ. ತನ್ನ ಮೊದಲ ದೊಡ್ಡ ಚಿತ್ರ 'ಅವೇ'ಯನ್ನು ಚಿತ್ರಿಸಿ, ಸಂಕಲನ ಮಾಡಿ, ಸಂಗೀತ ಕೊಟ್ಟು ಒಬ್ಬನೇ ಮುಗಿಸಿದವನು. 'ಫ್ಲೋ'ಗೆ ಸಣ್ಣ ತಂಡವಿತ್ತು. ಬಳಸಿದ್ದು ಬ್ಲೆಂಡರ್ ಎಂಬ ತಂತ್ರಾಂಶ. ಅದು ಪೂರಾ ಉಚಿತ. ಯಾರು ಬೇಕಾದರೂ ಇಳಿಸಿಕೊಂಡು ಕಲಿಯಬಹುದು. ಕೋಟ್ಯಂತರ ಡಾಲರ್ ಸುರಿದ ದೊಡ್ಡ ಸಂಸ್ಥೆಗಳ ಚಿತ್ರಗಳ ಎದುರು ಇದು ಗೆದ್ದಿತು. ನಾನು ಲೆಕ್ಕ ಹಾಕಿದೆ: ಸೆಕೆಂಡಿಗೆ 24 ಚಿತ್ರದಂತೆ 85 ನಿಮಿಷಕ್ಕೆ 1,22,400 ಚಿತ್ರಗಳು. ನೋಟ್‌ಬುಕ್ಕಿನ ಮೂಲೆಯ ನಲವತ್ತಾರರಿಂದ ಅಲ್ಲಿಗೆ ದೂರ ಬಹಳವೇ. ಆದರೆ ದಾರಿ ಅದೇ.

ಚಿತ್ರ ಮುಗಿದ ಮೇಲೆ ಮಗಳು ಸ್ವಲ್ಪ ಹಿಂಜರಿದು ತನ್ನ ಲ್ಯಾಪ್‌ಟಾಪ್ ತಂದಳು. ಶನಿವಾರ, ಭಾನುವಾರ ಬಿಡುವಿನಲ್ಲಿ ಅವಳೂ ಬ್ಲೆಂಡರ್ ಕಲಿಯುತ್ತಿದ್ದಾಳೆ ಎಂಬುದು ನಮಗೆ ಅಂದೇ ಗೊತ್ತಾದದ್ದು. ಪರದೆಯ ಮೇಲೆ ಒಂದು ಕಂದು ನಾಯಿ ಓಡಿಬಂದು ಗೋಡೆಯ ಮುಂದೆ ನಿಂತಿತು. ಐದು ಸೆಕೆಂಡು.

'ಹಾರಲ್ವಾ?' ಎಂದೆ.

'ಹಾರಿಸಿದ್ರೆ ಬಲೂನ್ ತರ ತೇಲುತ್ತೆ ಅಪ್ಪಾ. ಭಾರ ಇದ್ದ ಹಾಗೇ ಕಾಣಲ್ಲ. ನೀವು ಫಿಸಿಕ್ಸ್ ಮೇಷ್ಟರಲ್ವಾ, ಹೇಳಿ ನೋಡೋಣ.'

ಕಾಗದ, ಪೆನ್ಸಿಲ್ ತರಿಸಿದೆ. ನೆಲ ಬಿಟ್ಟ ಮೇಲೆ ನಾಯಿಯ ಗುರುತ್ವ ಕೇಂದ್ರ ಎಸೆದ ಕಲ್ಲಿನಂತೆ ಪರವಲಯದ ಹಾದಿಯಲ್ಲೇ ಹೋಗಬೇಕು. ಕಾಲು, ಬಾಲ ಏನೇ ಆಡಿಸಿದರೂ ಆ ಹಾದಿ ಬದಲಾಗದು. ಹಾರುವ ಮೊದಲು ಹಿಂಗಾಲು ಮಡಚಿ ಕುಗ್ಗಬೇಕು, ಇಳಿದಾಗ ಮುಂಗಾಲು ಆ ಹೊಡೆತ ತಾಳಿಕೊಳ್ಳಬೇಕು. ರಾತ್ರಿ ಹನ್ನೊಂದೂವರೆಯವರೆಗೆ ಕೂತೆವು. ನಾನು ಅವಳಿಗೆ ಇಷ್ಟು ಹೊತ್ತು ಭೌತಶಾಸ್ತ್ರ ಹೇಳಿಕೊಟ್ಟದ್ದು, ಅವಳು ಇಷ್ಟು ಆಸೆಯಿಂದ ಕೇಳಿದ್ದು ಅದೇ ಮೊದಲು.

ಹುಡುಗನಿಗೆ ಕೊಟ್ಟ ಪಟ್ಟಿ

ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಹುಡುಗ ಹತ್ತನೆಯ ತರಗತಿಗೆ ಬಂದಿದ್ದ. 'ಪಟ್ಟಿ ತಂದ್ರಾ ಸಾರ್?' ಎಂದು ಬಾಗಿಲಲ್ಲೇ ಹಿಡಿದ. ಅಂದು ಕೊಟ್ಟ ಪಟ್ಟಿಗೆ ಆಮೇಲೆ ನೋಡಿದ್ದನ್ನೂ ಸೇರಿಸಿ, ಪಾಲಕರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡುತ್ತಿದ್ದೇನೆ.

ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂತು ನೋಡಲು ಮೊದಲು 'ಫ್ಲೋ'. ಅದರ ಜೊತೆಗೇ ಸ್ಪರ್ಧೆಯಲ್ಲಿದ್ದು ಸೋತ 'ದ ವೈಲ್ಡ್ ರೋಬೋಟ್' ಕೂಡ ಚೆನ್ನಾಗಿದೆ. ಕಾಡಿಗೆ ಬಂದು ಬಿದ್ದ ಯಂತ್ರವೊಂದು ಹೆಬ್ಬಾತಿನ ಮರಿಯನ್ನು ಸಾಕುವ ಕಥೆ. 2023ರಲ್ಲಿ ಆಸ್ಕರ್ ಪಡೆದ ಕಿರು ಸಾಕ್ಷ್ಯಚಿತ್ರ 'ದ ಎಲಿಫೆಂಟ್ ವಿಸ್ಪರರ್ಸ್' ನಡೆಯುವುದು ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ. ತಬ್ಬಲಿ ಆನೆಮರಿಗಳನ್ನು ಸಾಕಿದ ಬೊಮ್ಮನ್, ಬೆಳ್ಳಿ ದಂಪತಿಯ ಕಥೆ. ಮುಕ್ಕಾಲು ಗಂಟೆಯೂ ಇಲ್ಲ.

ನಮ್ಮ ಭಾಷೆಯಲ್ಲೇ ಒಂದು ಕಿರುಚಿತ್ರವಿದೆ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ವೈದ್ಯಕೀಯ ಓದಿ, ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆ ಸೇರಿ ಮಾಡಿದ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದೊಯ್ದಾಗ ಬೆಳಗೇ ಆಗದೆ ಊರು ಕತ್ತಲಲ್ಲಿ ಮುಳುಗುತ್ತದೆ. ತನ್ನ ಕೋಳಿ ಕೂಗದಿದ್ದರೆ ಬೆಳಗಾಗದು ಎಂದುಕೊಂಡ ಅಜ್ಜಿಯ ಕಥೆ ಕೇಳದೆ ನಮ್ಮಲ್ಲಿ ಯಾರು ಬೆಳೆದಿದ್ದಾರೆ? ಹದಿನಾರು ನಿಮಿಷ ಅಷ್ಟೇ.

ಹೈಸ್ಕೂಲು ಮಕ್ಕಳಿಗೆ 2025ರಲ್ಲಿ ಬಿಡುಗಡೆಯಾದ ಸುಮಂತ್ ಭಟ್ಟರ 'ಮಿಥ್ಯ'. ಅಪ್ಪ ಅಮ್ಮನನ್ನು ಕಳೆದುಕೊಂಡು ಮುಂಬೈಯಿಂದ ಉಡುಪಿಯ ಕಡೆಗೆ ಬಂದ ಹನ್ನೊಂದರ ಹುಡುಗನ ಕಥೆ. ಮಕ್ಕಳು ಸುಮ್ಮನಿದ್ದಾರೆಂದರೆ ಒಳಗೆ ಏನೂ ನಡೆಯುತ್ತಿಲ್ಲ ಎಂದಲ್ಲ ಎಂಬುದನ್ನು ಪಾಲಕರು ಇದರಿಂದ ತಿಳಿಯಬಹುದು. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು 2024ರಲ್ಲಿ ಇಲ್ಲಿ ತೆರೆಗೆ ಬಂದ 'ಶಿವಮ್ಮ ಯರೇಹಂಚಿನಾಳ' ಕೊಪ್ಪಳ ಜಿಲ್ಲೆಯದು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು ಸರಪಳಿ ವ್ಯಾಪಾರಕ್ಕೆ ದುಡ್ಡು ಹಾಕುತ್ತಾಳೆ. ಅಂಥ ವ್ಯಾಪಾರ ಹೊತ್ತು ಮನೆಗೆ ಬರುವವರು ನಮ್ಮೂರಲ್ಲೂ ಇದ್ದಾರೆ. ಹಿಂದಿಯಲ್ಲಿ, ಊರ ಹುಡುಗರೇ ಸೇರಿ ಸಿನಿಮಾ ಮಾಡುವ 'ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್'.

ಪಿಯುಸಿ ದಾಟಿದವರಿಗೆ 'ಹೋಮ್‌ಬೌಂಡ್'. ಪೊಲೀಸ್ ಕೆಲಸದ ಪರೀಕ್ಷೆ ಬರೆಯುವ ಇಬ್ಬರು ಬಡ ಗೆಳೆಯರ ಕಥೆ. 2025ರಲ್ಲಿ ಭಾರತ ಆಸ್ಕರ್‌ಗೆ ಕಳಿಸಿದ ಚಿತ್ರ ಇದು. 2024ರಲ್ಲಿ ಏಳು ಆಸ್ಕರ್ ಪಡೆದ 'ಆಪನ್‌ಹೈಮರ್' ಮೂರು ಗಂಟೆಯದು. ಕೆಲವು ದೃಶ್ಯಗಳು ಮಕ್ಕಳಿಗಲ್ಲ, ದೊಡ್ಡವರು ಮೊದಲು ನೋಡಿ ತೀರ್ಮಾನಿಸಲಿ. ಅದರಲ್ಲಿ ಅಣುಬಾಂಬ್ ಪರೀಕ್ಷೆಯ ದೃಶ್ಯ ಬಂದಾಗ ಗಮನಿಸಿ: ಮೊದಲು ಕುರುಡಾಗಿಸುವ ಬೆಳಕು, ಆಮೇಲೆ ದೀರ್ಘ ಮೌನ, ಎಷ್ಟೋ ಹೊತ್ತಿಗೆ ಸದ್ದು. 1945ರ ಜುಲೈ 16ರಂದು ವಿಜ್ಞಾನಿಗಳ ಮುಖ್ಯ ಶಿಬಿರ ಸುಮಾರು 16 ಕಿ.ಮೀ. ದೂರದಲ್ಲಿತ್ತು. ಸೆಕೆಂಡಿಗೆ 340 ಮೀಟರ್ ಚಲಿಸುವ ಶಬ್ದ ಅಷ್ಟು ದೂರ ಬರಲು ಮುಕ್ಕಾಲು ನಿಮಿಷ ಬೇಕು. ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಮಾಡಿಸಿದ್ದೇನೆ. ಆ ಮೌನದಲ್ಲಿ ಮಾಡಿಸಿದಷ್ಟು ಚೆನ್ನಾಗಿ ಎಂದೂ ತಲುಪಿಲ್ಲ.

2025ರಲ್ಲಿ ಶ್ರೇಷ್ಠ ಚಿತ್ರವೆಂದು ಗೆದ್ದ 'ಅನೋರಾ'ವನ್ನು ಈ ಪಟ್ಟಿಯಲ್ಲಿ ಹುಡುಕಬೇಡಿ. ಅದು ವಯಸ್ಕರಿಗೆಂದೇ ಮಾಡಿದ ಚಿತ್ರ. ಅತಿ ಹೆಚ್ಚು ಅಂಕ ಬಂದದ್ದೇ ನಮ್ಮ ಮಕ್ಕಳಿಗೆ ಹೊಂದಬೇಕೆಂದಿಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇನ್ನೊಂದು ಮಾತು ಪಾಲಕರಿಗೆ. ಸಿನಿಮಾ ಎಂದರೆ ನಾಯಕ, ನಾಯಕಿ ಮಾತ್ರವಲ್ಲ. 2009ರಲ್ಲಿ ಧ್ವನಿ ಸಂಯೋಜನೆಗೆ ಆಸ್ಕರ್ ಪಡೆದ ಕೇರಳದ ರಸೂಲ್ ಪೂಕುಟ್ಟಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದವರು. ಕ್ಯಾಮೆರಾ ಅಲುಗದಂತೆ ಹಿಡಿಯುವ ಉಪಕರಣ ರೂಪಿಸಿದ ತಂಡದಲ್ಲಿದ್ದ ವಿಕಾಸ್ ಸಾಠೆ ಎಂಬ ಭಾರತೀಯ ಎಂಜಿನಿಯರ್‌ಗೆ 2018ರಲ್ಲಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂದಿದೆ. ಮಗುವಿನ ಆಸೆಗೆ ತಕ್ಷಣ ಹೂಂ ಎನ್ನಿ ಎಂದು ನಾನು ಹೇಳುತ್ತಿಲ್ಲ. ಮನೆ ನಡೆಸುವ ಕಷ್ಟ ನನಗೂ ಗೊತ್ತು. ಬೇಡ ಎನ್ನುವ ಮೊದಲು, ಅದು ಏನು ಬರೆಯುತ್ತಿದೆ ಎಂದು ಕೊನೆಯ ಹಾಳೆಯವರೆಗೆ ನೋಡಿ.

ಊರಿಗೆ ಬಂದವನೇ ಅಟ್ಟ ಹತ್ತಿ ಆ ನೋಟ್‌ಬುಕ್ ಹುಡುಕಿದೆ. ಸಿಗಲಿಲ್ಲ. ಯಾವುದೋ ವರ್ಷ ಹಳೇ ಪೇಪರಿನವನಿಗೆ ಕಿಲೋ ಲೆಕ್ಕದಲ್ಲಿ ಹೋಗಿರಬೇಕು. ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಗಳು ಫೋನಿಗೆ ಒಂದು ವಿಡಿಯೋ ಕಳಿಸಿದಳು. ಒಂಬತ್ತು ಸೆಕೆಂಡಿನದು. ನಾಯಿ ಓಡಿಬಂದು, ಹಿಂಗಾಲು ಮಡಚಿ, ಗೋಡೆ ಹಾರಿತು. ಇಳಿಯುವಾಗ ಮುಂಗಾಲು ಸ್ವಲ್ಪ ಎಡವಿದಂತಿದೆ. ಅದನ್ನು ಸರಿಮಾಡುವುದು ಹೇಗೆಂದು ಬರೆದು ಕಳಿಸಿದ್ದೇನೆ.